ಹನ್ನೊಂದನೇ ಹಾಸಿಗೆಯ ಕಾವಲು

ಮೂವತ್ತೊಂದು ವರ್ಷ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದ ಅವರನ್ನು ಬೀದಿಯವರೆಲ್ಲ ಚೆಕಿಂಗ್ ಮಾವ ಎಂದೇ ಕರೆಯುತ್ತಿದ್ದರು. ನಿದ್ದೆ ಬಂದಂತೆ ನಟಿಸುವವರು, ಇಲ್ಲದ ಟಿಕೆಟ್ಟಿಗಾಗಿ ಜೇಬೆಲ್ಲ ತಡಕುವವರು, ಮಗುವಿನ ವಯಸ್ಸನ್ನು ಎರಡು ವರ್ಷ ಇಳಿಸುವವರು, ಯಾರೂ ಅವರ ಕಣ್ಣು ತಪ್ಪಿಸಿ ಇಳಿದು ಹೋದದ್ದಿಲ್ಲ. ಮನೆಯಲ್ಲೂ ಅಷ್ಟೇ. ಗ್ಯಾಸ್ ಆರಿಸಿದ್ದೇನೆ ಎಂದು ಹೆಂಡತಿ ಹೇಳಿದರೆ ಹೂಂಗುಟ್ಟಿ, ಅಡುಗೆಮನೆಗೆ ಹೋಗಿ ತಾವೇ ಒಮ್ಮೆ ತಿರುಗಿಸಿ ನೋಡಿ ಬರುತ್ತಿದ್ದರು.

ಆ ಹೆಂಡತಿಗೆ ಗರ್ಭಕೋಶದ ಕ್ಯಾನ್ಸರ್ ಎಂದು ಗೊತ್ತಾಗಿ, ಮೊದಲು ಕೀಮೋ ಕೊಟ್ಟು ಆಮೇಲೆ ಆಪರೇಷನ್ ಆಯಿತು. ಗಡ್ಡೆ ಪೂರ್ತಿ ಹೊರಗೆ ಬಂತು ಎಂದರು ಡಾಕ್ಟರು. ವಾರ್ಡಿನ ಹನ್ನೊಂದನೇ ಹಾಸಿಗೆಯಲ್ಲಿ ಐದು ದಿನ ಎಲ್ಲ ಸರಿಯಿತ್ತು. ಆರನೆಯ ದಿನ ಮೈ ಸುಡತೊಡಗಿತು, ಹೊಲಿಗೆಯ ಸುತ್ತ ಕೆಂಪೇರಿ ಕೀವು ಜಿನುಗಿತು. ಮಾರನೆಯ ದಿನ ಪಕ್ಕದ ಹಾಸಿಗೆಯ ಟೀಚರಮ್ಮನ ಗಾಯಕ್ಕೂ ಅದೇ ಗತಿ.

ಒಂದೇ ಸಾಲು, ಎರಡು ಹಾಸಿಗೆ. ಇದು ಯಾರದೋ ಕೈಯ ಕೆಲಸ ಎಂದು ಚೆಕಿಂಗ್ ಮಾವನಿಗೆ ಅನಿಸಿತು. ಕುರ್ಚಿಯನ್ನು ಬಾಗಿಲ ಕಡೆ ತಿರುಗಿಸಿಕೊಂಡು ಬಂದುಹೋಗುವವರ ಕೈಗಳನ್ನೇ ಕಾಯತೊಡಗಿದರು. ಚಿಕ್ಕ ಡಾಕ್ಟರು ಗೋಡೆಯ ಮೇಲಿನ ಸ್ಯಾನಿಟೈಸರ್ ಬಾಟಲಿ ಒತ್ತಿದರೋ, ಒತ್ತಿದಂತೆ ಮಾಡಿದರೋ? ನರ್ಸ್ ಕೈಗವಸಿನಲ್ಲೇ ಫೋನ್ ಎತ್ತಿದಳಲ್ಲ? ಕೊನೆಗೆ ಕಣ್ಣು ನಿಂತದ್ದು ಆಯಾಳ ಮೇಲೆ. ಆಕೆ ಒಂದೇ ನೀಲಿ ಬಟ್ಟೆಯಲ್ಲಿ ಎರಡೂ ಮಂಚದ ಕಂಬಿ ಒರೆಸಿದ್ದನ್ನು ಅವರು ಕಣ್ಣಾರೆ ಕಂಡರು. ಇನ್ನೇನು ಬೇಕು? ನೆಟ್ಟಗೆ ಹೆಡ್ ನರ್ಸ್ ಹತ್ತಿರ ಹೋಗಿ ದೂರು ಕೊಟ್ಟರು.

"ಬಟ್ಟೆ ಬೇರೆ ಬೇರೆ ಅಣ್ಣಾ, ಬಣ್ಣ ಒಂದೇ. ಬೇಕಾದ್ರೆ ಬಕೆಟ್ ನೋಡಿ," ಎಂದಳು ಆಯಾ.

ಅವರು ಬಕೆಟ್ ನೋಡಲಿಲ್ಲ. ಮಧ್ಯಾಹ್ನದೊಳಗೆ ಹೆಡ್ ನರ್ಸ್ ಅವಳನ್ನು ಬಟ್ಟೆ ಒಗೆಯುವ ಕಡೆಗೆ ಹಾಕಿದರು.

ಮೂರು ದಿನ ಬಿಟ್ಟು, ಸೋಂಕಿನ ಜಾಡು ಹಿಡಿಯುವ ಡಾಕ್ಟರಮ್ಮ ಲ್ಯಾಬಿನ ವರದಿ ಹಿಡಿದು ಬಂದರು. "ಎರಡು ಗಾಯದಲ್ಲೂ ಬೇರೆ ಬೇರೆ ರೋಗಾಣು ಇದೆ. ಒಂದೇ ಕಡೆಯಿಂದ ಬಂದ ಹಾಗಿಲ್ಲ." ಆಮೇಲೆ ಹೆಂಡತಿಯ ಕಡೆ ತಿರುಗಿದರು. "ನರ್ಸ್ ಬಿಟ್ಟು ಬೇರೆ ಯಾರಾದ್ರೂ ಪಟ್ಟಿ ಮುಟ್ಟಿದ್ರಾ ಅಮ್ಮಾ?"

ಹೆಂಡತಿ ಗಂಡನ ಮುಖ ನೋಡಿದರು, ಆಮೇಲೆ ಹೊದಿಕೆ ನೋಡಿದರು. "ಇವರು ದಿನಾ ಬೆಳಿಗ್ಗೆ ಬಂದ ತಕ್ಷಣ ಅಂಚು ಎತ್ತಿ ನೋಡ್ತಿದ್ರು."

"ನೋಡ್ದೆ ಅಷ್ಟೇ! ಸರಿಯಾಗಿ ಕಟ್ಟಿದಾರೋ ಇಲ್ವೋ ಅಂತ..."

"ಕೈ ತೊಳ್ಕೊಂಡಿದ್ರಾ?"

ದಿನಾ ಆಸ್ಪತ್ರೆಗೆ ಬಸ್ಸಿನ ಕಂಬಿ ಹಿಡಿದು ನಿಂತು ಬರುತ್ತಿದ್ದ ಅವರ ಕೈಗಳು ತೊಡೆಯ ಮೇಲೆ ಯಾರದೋ ಕೈಗಳಂತೆ ಬಿದ್ದಿದ್ದವು.

"ಅದೇ ಕಾರಣ ಅಂತ ನಾನು ಹೇಳಲ್ಲ," ಎಂದರು ಡಾಕ್ಟರಮ್ಮ. "ಕೀಮೋಗೆ ಸೋತ ಮೈ, ಸಕ್ಕರೆ ಕಾಯಿಲೆ ಬೇರೆ. ಯಾರೂ ಮುಟ್ಟದಿದ್ರೂ ಆಗಬಹುದಿತ್ತು."

ಅದನ್ನೂ ಅವರು ನಂಬಲಿಲ್ಲ.

ಸಂಜೆ ಒಗೆಯುವ ಕೋಣೆಗೆ ಹೋದರು. ಆಯಾ ಹಬೆಯ ನಡುವೆ ಹಾಸುಬಟ್ಟೆ ಹಿಂಡುತ್ತಿದ್ದಳು. "ತಪ್ಪಾಯ್ತಮ್ಮಾ," ಎಂದರು. ಆಕೆ ತಲೆಯೆತ್ತದೆ, "ಅದನ್ನ ಹೆಡ್ ನರ್ಸ್‌ಗೆ ಹೇಳಿ ಅಣ್ಣಾ. ನನಗೆ ಹೇಳಿದ್ರೆ ಕೆಲಸ ವಾಪಸ್ ಬರಲ್ಲ," ಎಂದಳು. ಅವರು ಹೋಗಿ ಹೇಳಿದರು, ಬರೆದೂ ಕೊಟ್ಟರು. ಎರಡು ದಿನಕ್ಕೆ ಆಯಾ ವಾರ್ಡಿಗೆ ಮರಳಿದಳು. ಆದರೆ ಹನ್ನೊಂದನೇ ಹಾಸಿಗೆ ಒರೆಸುವಾಗ ತುಟಿ ಬಿಚ್ಚುತ್ತಿರಲಿಲ್ಲ.

ಗಾಯವನ್ನು ಬಿಚ್ಚಿ, ತೊಳೆದು, ಅದು ತುಂಬಲು ಮೂರು ವಾರ ಹಿಡಿಯಿತು. ಮುಂದಿನ ಚಿಕಿತ್ಸೆ ಒಂದು ತಿಂಗಳು ಹಿಂದೆ ಬಿತ್ತು. ಮನೆಗೆ ಕಳಿಸುವ ದಿನ ನರ್ಸ್ ಅವರಿಗೆ ಪಟ್ಟಿ ಬದಲಿಸುವುದನ್ನು ಕಲಿಸಲು ಬಂದಾಗ ಅವರು ಹಿಂದೆ ಸರಿದರು. "ಬೇಡಮ್ಮಾ, ಮಗಳಿಗೆ ಕಲಿಸಿ."

"ನೀವೇ ಮಾಡ್ರೀ," ಎಂದರು ಹೆಂಡತಿ. "ನನಗೆ ನಂಬಿಕೆ ಇದೆ."

ಅದು ನಿಜವೋ, ತಮ್ಮ ಸಮಾಧಾನಕ್ಕೆ ಆಡಿದ ಮಾತೋ ಎಂದು ಅವರಿಗೆ ತಿಳಿಯಲಿಲ್ಲ. ನಲ್ಲಿಯ ಬಳಿ ಹೋಗಿ ಮೊಣಕೈವರೆಗೆ ಸೋಪು ಹಚ್ಚಿಕೊಂಡರು.