ಹಳ್ಳಿ ಥೀಮಿಗೆ ಒಂದು ಕಂಬಳಿ

ಹುಟ್ಟುಹಬ್ಬದ ಡೆಕೋರೇಶನ್ ನನ್ನ ಕೆಲಸ. ಜಗಳೂರಿನಲ್ಲಿ ಒಬ್ಬರು ಮಗಳ ಮೊದಲ ಹುಟ್ಟುಹಬ್ಬಕ್ಕೆ ‘ಹಳ್ಳಿ ಥೀಮ್’ ಬೇಕೆಂದರು. ಗುಡಿಸಲು, ಥರ್ಮಾಕೋಲಿನ ಕುರಿ ಎಲ್ಲ ನಿಲ್ಲಿಸಿದೆ. ನಿಜವಾದ ಕಂಬಳಿಯೊಂದಿದ್ದರೆ ಚೆಂದ ಎಂದೆ. ಮನೆಯಿಂದಲೇ ತಂದುಕೊಟ್ಟರು. “ನಮ್ಮವ್ವ ಕುರಿ ಕಾಯುವಾಗ ಹೊದ್ದಿದ್ದು ರೀ!” ಅಂತ ಹೆಮ್ಮೆ ಬೇರೆ.

ಕೇಕ್ ಕತ್ತರಿಸುವಾಗ ಆ ಅವ್ವ ಮೊಮ್ಮಗಳನ್ನು ಎತ್ತಿಕೊಳ್ಳಲು ಸ್ಟೇಜ್ ಹತ್ತಿದರು.

“ಈಗ ಬ್ಯಾಡವ್ವಾ. ಎಲ್ರೂ ಒಂದೇ ಬಣ್ಣದ ಬಟ್ಟೆ ಹಾಕ್ಯಾರೆ, ಫೋಟೋ ಕೆಡ್ತೈತೆ,” ಎಂದ ಮಗ.

ಅವರು ಇಳಿದು ನನ್ನ ಹತ್ತಿರ ಬಂದರು. “ಮುಗಿದ ಮ್ಯಾಲೆ ನನ್ ಕಂಬಳಿ ಕೊಡ್ರೀ. ಅದಿಲ್ದಿದ್ರೆ ನಿದ್ದೆ ಬರಲ್ಲ.”

ಕೊಟ್ಟೆ, ಫೋಟೋ ಎಲ್ಲ ಮುಗಿದ ಮೇಲೆ. ಆ ಸ್ಟೇಜಿನ ಚಿತ್ರ ಈಗ ನನ್ನ ವಿಸಿಟಿಂಗ್ ಕಾರ್ಡಿನ ಮೇಲಿದೆ. ಕಂಬಳಿ ತುಂಬ ಚೆನ್ನಾಗಿ ಬಂದಿದೆ.