ಮೆಮೊರಿಗೆ ಹಚ್ಚಿದ ಗುರುತು

ಟೈಪಿಂಗ್ ಅಂಗಡಿಯವಳಿಗೆ ಬೀದಿಯವರು ಬೆನ್ನ ಹಿಂದೆ ಇಟ್ಟ ಹೆಸರು ಹದ್ದಿನಕಣ್ಣಕ್ಕ. ಮೊದಲು ಹಾಗಿರಲಿಲ್ಲ. ಗಂಡ ತೀರಿಕೊಂಡ ವರ್ಷ, ಅಂಗಡಿಯ ಪಾಲುದಾರ "ರಿಪೇರಿ ಮಾಡಿಸಿ ತರ್ತೀನಿ" ಎಂದು ಟೈಪ್‌ರೈಟರ್ ಹೊತ್ತುಕೊಂಡು ಹೋದ. ಅವನೂ ಬರಲಿಲ್ಲ, ಟೈಪ್‌ರೈಟರೂ ಬರಲಿಲ್ಲ. ಅಂದಿನಿಂದ ರಿಪೇರಿ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಅವಳ ಹುಬ್ಬು ಮೇಲೇರುತ್ತಿತ್ತು.

ಆಮೇಲೆ ಯಾರೋ ಬಳಸಿ ಬಿಟ್ಟ ಕಂಪ್ಯೂಟರೊಂದನ್ನು ಕೊಂಡು, ಅದರಲ್ಲೇ ಅರ್ಜಿ, ಕರಾರುಪತ್ರ ಬಡಿದು ಮಗಳನ್ನು ಓದಿಸಿದಳು. ಈಗ ಅದೂ ಹಣ್ಣಾಗಿತ್ತು. ಒಂದು ಪುಟ ತೆರೆಯುವಷ್ಟರಲ್ಲಿ ಗಿರಾಕಿ ಎರಡು ಸಲ ಆಕಳಿಸುತ್ತಿದ್ದ. ಕಂಪ್ಯೂಟರ್ ರಿಪೇರಿ ಕೆಲಸದ ಮೈದುನ ಬಂದು, "ವಿಂಡೋಸ್ ತೆಗೆದು ಲಿನಕ್ಸ್ ಹಾಕೋಣ ಅತ್ತಿಗೆ, ಅದು ಹಗುರ, ಹಳೇದಕ್ಕೂ ಜೀವ ಬರುತ್ತೆ" ಎಂದ. ಆದರೆ ಅವನು ತಂದ ಡಿಸ್ಕನ್ನು ಯಂತ್ರ ಒಪ್ಪಲೇ ಇಲ್ಲ.

"ಈ ಡಿಸ್ಕು ಅರವತ್ನಾಲ್ಕು ಬಿಟ್‌ದು. ನಿಮ್ಮ ಪ್ರೊಸೆಸರ್ ಹಳೇದು, ಮೂವತ್ತೆರಡು ಬಿಟ್."

"ಮೂವತ್ತೆರಡು ಬಿಟ್ಟು ಮಿಕ್ಕಿದ್ದೆಲ್ಲ ಎಲ್ಲಿಗೆ ಹೋಯ್ತು?"

ಮೈದುನ ನಕ್ಕ. ಅವಳು ನಗಲಿಲ್ಲ.

"ಮನೇಲಿ ಹಳೇ ಡಿಸ್ಕು ಇರ್ಬೇಕು. ಕಂಪ್ಯೂಟರ್ ಒಯ್ದು, ಹಾಕಿ ತರ್ತೀನಿ" ಎಂದು ಅವನು ಕೈ ತೊಳೆಯಲು ಎದ್ದ. ಮುಚ್ಚಳ ಬಿಚ್ಚಿಯೇ ಇತ್ತು. ಅವಳು ಮಗಳ ಉಗುರುಬಣ್ಣ ತಂದು, ಒಳಗಿನ ಮೆಮೊರಿ ಪಟ್ಟಿಯ ಮೂಲೆಗೆ ಕೆಂಪು ಚುಕ್ಕೆ ಇಟ್ಟಳು.

ಯಂತ್ರ ವಾಪಸು ಬಂದಾಗ ಹೊಸ ಮದುಮಗನ ಹಾಗೆ ಚುರುಕಾಗಿತ್ತು. ಅವಳು ಪರದೆ ನೋಡಲಿಲ್ಲ. ಅವನೆದುರಿಗೇ ಸ್ಕ್ರೂಡ್ರೈವರ್ ಹಿಡಿದು ಮುಚ್ಚಳ ತೆಗೆದಳು. ಚುಕ್ಕೆ ಇಲ್ಲ.

"ನನ್ನ ಮೆಮೊರಿ ಎಲ್ಲಿ?"

ಮೈದುನನ ಮುಖ ಸಣ್ಣದಾಯಿತು. ಚೀಲದಿಂದ ಕೆಂಪು ಚುಕ್ಕೆಯ ಪಟ್ಟಿ ತೆಗೆದು ಮೇಜಿನ ಮೇಲಿಟ್ಟ. "ನಿಮ್ಮದು ಸಾಲಲಿಲ್ಲ ಅತ್ತಿಗೆ. ಇನ್‌ಸ್ಟಾಲ್ ಅರ್ಧ ದಾರೀಲೇ ನಿಂತೋಗ್ತಿತ್ತು. ನಮ್ಮನೆ ಕಂಪ್ಯೂಟರಿಂದು ಬಿಚ್ಚಿ ಹಾಕಿದೆ. ಇದರ ದುಪ್ಪಟ್ಟಿದೆ."

ಬೇರೆ ಯಾರಾದರೂ ಕರಗುತ್ತಿದ್ದರು. ಅವಳ ಅನುಮಾನಕ್ಕೆ ಮಾತ್ರ ಇನ್ನೊಂದು ಕಾಲು ಮೂಡಿತು. "ಕೇಳದೇ ಯಾಕೆ ಕೊಟ್ಟೆ? ಅಂಗಡಿ ಮೇಲೆ ಕಣ್ಣಾ?"

"ನಿಮಗೆ ಕಿತ್ಕೊಂಡ್ರೂ ಕಷ್ಟ, ಕೊಟ್ರೂ ಕಷ್ಟ!"

"ನಿನ್ನದು ನೀನೇ ಇಟ್ಕೋ. ನನ್ನದರಲ್ಲೇ ಆಗಲ್ವಾ?"

"ಆಗುತ್ತೆ. ಚಿತ್ರ ಗಿತ್ರ ಇಲ್ಲದೆ ಬರೀ ಅಕ್ಷರದ ಪರದೇಲಿ ಹಾಕ್ಬೇಕು. ಆಮೇಲೂ ಟೈಪು, ಪ್ರಿಂಟು ಅಷ್ಟೇ. ಬೋಳು ಬೋಳಾಗಿರುತ್ತೆ, ನಿಮಗೆ ಒಗ್ಗಲ್ಲ ಅಂದ್ಕೊಂಡೆ."

"ನಾನು ಬದುಕಿದ್ದೇ ಅಕ್ಷರದಲ್ಲಿ. ಹಾಕು."

ಅವನು ಕೆಂಪು ಚುಕ್ಕೆಯ ಪಟ್ಟಿಯನ್ನೇ ಮತ್ತೆ ಕೂರಿಸಿ, ಅಲ್ಲೇ ಕೂತು ಹಾಕಿದ. ಅವಳು ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು, ಅರ್ಥವಾಗದ ಸಾಲುಗಳನ್ನೂ ಬಿಡದೆ ಓದಿದಳು. ಈ ಸಲ ನಿಲ್ಲಲಿಲ್ಲ. ಇಂಟರ್ನೆಟ್ಟಿನ ಹಳೇ ಕಾರ್ಡನ್ನು ಮಾತ್ರ ಲಿನಕ್ಸ್ ಗುರುತಿಸಲಿಲ್ಲ.

"ಒಳ್ಳೇದೇ ಆಯ್ತು, ಯಾರೂ ಒಳಗೆ ನುಗ್ಗಲ್ಲ" ಎಂದಳು. ಮುನಿದಿದ್ದ ಮೈದುನನಿಗೂ ನಗು ತಡೆಯಲಾಗಲಿಲ್ಲ.

ಪ್ರಿಂಟ್ ತೆಗೆದು ನೋಡೋಣವೆಂದರೆ ಕಾಗದ ಮುಗಿದಿತ್ತು. ಅವಳು ಎದ್ದಳು. "ಅಂಗಡಿ ನೋಡ್ಕೊಂಡಿರು, ತರ್ತೀನಿ."

ಪಾಲುದಾರ ಹೋದಮೇಲೆ ಅವಳು ಅಂಗಡಿಯನ್ನು ಇನ್ನೊಬ್ಬರ ಕೈಗೆ ಬಿಟ್ಟಿದ್ದೇ ಇಲ್ಲ. ಬೀದಿಯ ತಿರುವಿನಲ್ಲಿ ಕಾಲು ತಡೆಯಿತು. ತಿರುಗಿ ನೋಡಲಿಲ್ಲ, ಆದರೆ ಆಮೇಲಿನದು ನಡಿಗೆಯಲ್ಲ, ಓಟವೇ. ಆ ಅವಸರದಲ್ಲಿ ತಂದದ್ದು ಪ್ರಿಂಟರಿಗೆ ತೂರದಷ್ಟು ಅಗಲದ ಕಾಗದ.

ಮೈದುನ ಕತ್ತರಿ ತೆಗೆದುಕೊಂಡು ಅಂಚು ಕತ್ತರಿಸತೊಡಗಿದ.