ಕೋಸಂಬರಿಯ ಮೇಲೊಂದು ನಿಂಬೆಯ ಟೊಪ್ಪಿಗೆ

ಇವತ್ತು ಮಧ್ಯಾಹ್ನ ಫ್ರಿಜ್ಜಿನ ಬಾಗಿಲು ತೆರೆದವಳು ಹಾಗೆಯೇ ನಿಂತುಬಿಟ್ಟೆ. ಬೆಳಿಗ್ಗೆ ನಾನೇ ನೆನೆಸಿದ ಹೆಸರುಬೇಳೆಗೆ ಸೌತೆಕಾಯಿ, ಕಾಯಿತುರಿ ಹಾಕಿ, ನಿಂಬೆ ಹಿಂಡಿ ಇಟ್ಟಿದ್ದ ಕೋಸಂಬರಿ ಅಲ್ಲಿತ್ತು. ಹೈದರಾಬಾದಿನ ಈ ಬಿಸಿಲಿಗೆ ನಮ್ಮ ಮನೆಯಲ್ಲಿ ಎಲ್ಲರಿಗೂ ಅದು ತಣ್ಣಗೇ ಬೇಕು. ಆದರೆ ಅದರ ಮೇಲೆ ಹಿಂಡಿದ ನಿಂಬೆ ಹೋಳೊಂದು ಟೊಪ್ಪಿಗೆಯಂತೆ ಬೋರಲಾಗಿ ಕೂತಿತ್ತು. ಅದನ್ನು ಇಟ್ಟ ನೆನಪು ನನಗಿಲ್ಲ.

ಅದರಲ್ಲಿ ಗಾಬರಿಯಾಗುವಂಥದ್ದೇನು ಎಂದು ಕೇಳುತ್ತೀರಿ, ಮಕ್ಕಳೇ. ಬಾಯಿಬಿಟ್ಟು ಹೇಳಲು ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಮದುವೆಯಾಗಿ ಬಂದಾಗ ನಿಮ್ಮಜ್ಜನಿಗೆ ಇಲ್ಲಿನ ಬಾಲಾನಗರದ ಕಾರ್ಖಾನೆಯೊಂದರಲ್ಲಿ ಕೆಲಸ. ಎರಡೇ ಕೋಣೆಯ ಮನೆ. ಅಡುಗೆಮನೆಯ ಹೊಸ್ತಿಲಿಗೆ ಅಂಟಿಕೊಂಡೇ ಅತ್ತೆಯವರ ಮಣೆ. ಹಳ್ಳಿಯ ಶಾಲೆಯಲ್ಲಿ ಗಟ್ಟಿಯಾಗಿ ಮಗ್ಗಿ ಹೇಳುತ್ತಿದ್ದವಳು ಅವರೆದುರು ಗಂಡನ ಜೊತೆ ಪಿಸುಗುಟ್ಟಲೂ ಹೆದರುತ್ತಿದ್ದೆ.

ಶನಿವಾರ ನೈವೇದ್ಯಕ್ಕೆ ಕೋಸಂಬರಿ. ಉಪ್ಪು ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಡುತ್ತದೆ. ಕೊನೆಯ ಗಳಿಗೆಯಲ್ಲೇ ಹಾಕಬೇಕು. ದೇವರಿಗೆ ಇಡುವ ಮೊದಲು ರುಚಿ ನೋಡುವಂತೆಯೂ ಇಲ್ಲ. ಒಂದು ಶನಿವಾರ ನಾನು ಒಲೆಯ ಕಡೆ ತಿರುಗಿದ್ದಾಗ, ಮರೆತಿರಬೇಕೆಂದು ನಿಮ್ಮಜ್ಜ ಉಪ್ಪು ಹಾಕಿದರು. ನಾನು ಆಗಲೇ ಹಾಕಿದ್ದೆ.

"ದೇವರ ಮುಂದ ಒಂದು ಕೊಡ ನೀರೂ ಇಡ್ರಿ. ಪಾಪ, ನೀರಡಿಕಿ ಆಗತೈತಿ ಅವಗ," ಎಂದರು ಅತ್ತೆ.

ಮುಂದಿನ ವಾರ ನಿಮ್ಮಜ್ಜ ಹಾಕಿರುತ್ತಾರೆಂದು ನಾನು, ನಾನು ಹಾಕಿರುತ್ತೇನೆಂದು ಅವರು. ಯಾರೂ ಹಾಕಿರಲಿಲ್ಲ.

"ಇವತ್ತೇನು ದೇವರಿಗೆ ಪಥ್ಯಾನ?"

ಮೂರನೆಯ ವಾರ ನಿಮ್ಮಜ್ಜ ಉಪ್ಪು ಹಾಕಿ, ನಿಂಬೆ ಹೋಳನ್ನು ಮೇಲೆ ಬೋರಲಿಟ್ಟು, ನನ್ನನ್ನೊಮ್ಮೆ ನೋಡಿ ಹೋದರು. ಅಷ್ಟೇ. ಹೋಳಿದ್ದರೆ ಉಪ್ಪು ಬಿದ್ದಿದೆ, ಇಲ್ಲದಿದ್ದರೆ ಇಲ್ಲ. ದೇವರ ಮುಂದೆ ಒಯ್ಯುವಾಗ ತೆಗೆದುಬಿಡುವುದು. ಅತ್ತೆಯವರು ತೀರಿಕೊಂಡ ಮೇಲೆ ಬಾಯಿಬಿಟ್ಟು ಕೇಳಬಹುದಿತ್ತು. ಇಬ್ಬರೂ ಕೇಳಲಿಲ್ಲ. ನಿಮ್ಮಜ್ಜ ಹೋಗಿ ಮೂರು ವರ್ಷ. ನೋಡುವವರಿಲ್ಲದಿದ್ದರೂ ಉಪ್ಪು ಹಾಕಿದ ಮೇಲೆ ನನ್ನ ಕೈ ತಾನಾಗಿ ಹೋಳು ಇಡುತ್ತದೆ.

ಹಾಗಾದರೆ ಇವತ್ತೂ ಉಪ್ಪು ಹಾಕಿದ್ದೇನೆ. ಒಂದು ಚಮಚ ಬಾಯಿಗಿಟ್ಟೆ. ಉಪ್ಪಿಲ್ಲ. ಇನ್ನೊಂದು ಚಮಚ ತಿಂದೆ. ಉಪ್ಪೇ ಇಲ್ಲವೋ, ನಾಲಿಗೆಯೇ ಹೋಯಿತೋ? ಹೋದ ವಾರ ಚಹಾಕ್ಕೆ ಎರಡು ಸಲ ಸಕ್ಕರೆ ಹಾಕಿದ್ದಕ್ಕೆ ನನ್ನ ಮಗ, "ಅವ್ವಾ, ಸಿಕಂದರಾಬಾದಿನಾಗ ಒಬ್ಬ ಡಾಕ್ಟರ್ ಅದಾರ. ಸುಮ್ನ ತೋರಿಸ್ಕೊಂಡು ಬರೂಣು," ಎಂದಿದ್ದ. ಆ 'ಸುಮ್ನ' ಎಂಬ ಮಾತಿಗೇ ವಾರವಿಡೀ ಹೆದರಿದ್ದೆ. ಮರೆವು ಎಂದು ಗೊತ್ತಾಗಿ ಒಲೆ ಮುಟ್ಟಬೇಡ ಎಂದುಬಿಟ್ಟರೆ, ಹಗಲೆಲ್ಲ ಏನು ಮಾಡಲಿ?

ಇನ್ನೂ ಒಂದು ಯೋಚನೆ ಬಂತು. ನಾನಲ್ಲದಿದ್ದರೆ ಈ ಹೋಳು ಇಡುವವರು ಇನ್ನೊಬ್ಬರೇ. ಬಾಗಿಲ ಕಡೆ ತಿರುಗಿಯೂ ನೋಡಿದೆ. ನಗಬೇಡಿ.

ಬಾಗಿಲಲ್ಲಿ ನಿಂತಿದ್ದವಳು ನಿಮ್ಮಲ್ಲೇ ದೊಡ್ಡವಳು, ಶ್ರಾವಣಿ.

"ಅಜ್ಜಿ, ಫ್ರಿಜ್ ಬಾಗಲಾ ತಗದು ಎಷ್ಟೊತ್ತು ನಿಂತೀ? ಒಳಗ ಹೋಗಿ ಕುಂದರ್ತೀಯೇನು?"

"ಈ ಹೋಳು ಯಾರು ಇಟ್ಟಾರವ್ವಾ?"

"ನಾನ. ಕಟ್ಟಿ ಮ್ಯಾಲ ಬಿದ್ದಿತ್ತು. ನೀ ಯಾವಾಗ್ಲೂ ಇಡ್ತೀಯಲ್ಲ, ಡೆಕೋರೇಷನ್ ಅಂದ್ಕೊಂಡೆ. ಯಾಕ, ತಪ್ಪಾತೇನು?"

ಸ್ಟೂಲಿನ ಮೇಲೆ ಕೂತುಬಿಟ್ಟೆ. ನಾಲಿಗೆ ಇನ್ನೂ ನನ್ನದೇ ಎಂಬ ಸಮಾಧಾನವೋ, ಇಟ್ಟವರು ಅವರಲ್ಲ ಎಂಬ ಬೇಸರವೋ, ಈಗಲೂ ಬಗೆಹರಿದಿಲ್ಲ.

"ತಪ್ಪೇನಿಲ್ಲ, ಚಂದ ಕಾಣತೈತಿ," ಎಂದೆ.

ಎದ್ದು ಉಪ್ಪು ಹಾಕಿ ಕಲಸಿದೆ. ಹೋಳು ಕೈಯಲ್ಲೇ ಇತ್ತು. ಇಡಲಿಲ್ಲ. ಅಷ್ಟು ವರ್ಷ ಗಂಟಲಲ್ಲೇ ಉಳಿದದ್ದು ಮನೆಯೆಲ್ಲ ಕೇಳುವಂತೆ ಹೊರಗೆ ಬಂತು:

"ಉಪ್ಪು ಹಾಕೀನ್ರೀ!"

"ಅಯ್ಯ ಅಜ್ಜಿ, ನನಗ್ಯಾಕ 'ರೀ' ಅಂತೀ?" ಎಂದು ಶ್ರಾವಣಿ ನಕ್ಕಳು.

ಹೋಗಿ ತಟ್ಟೆ ತಗೊಂಡು ಬಾ ಎಂದೆ.